ಪ್ರಶ್ನೆಯೇ ಬೇಡವಾದ ಕ್ವಿಜ್

ಮುಖವೆಲ್ಲ ಕೆಸರು ಮೆತ್ತಿಕೊಂಡಿದ್ದ ಕುದುರೆ ಸವಾರರೊಬ್ಬರ ಚಿತ್ರ. ಯಾರಿದು ಎಂಬ ಪ್ರಶ್ನೆ ಮುಗಿಯುವಷ್ಟರಲ್ಲಿ ಎಮ್ಲಿನ್ ಹ್ಯೂಸ್ ಆಗ ಹೆಸರಾಗಿದ್ದ ಒಬ್ಬ ಜಾಕಿಯ ಹೆಸರು ಹೇಳಿಬಿಟ್ಟರು. ಚಿತ್ರದಲ್ಲಿದ್ದದ್ದು ಬ್ರಿಟನ್ನಿನ ರಾಜಕುಮಾರಿ ಆ್ಯನ್. ಹ್ಯೂಸ್ ಸಾಮಾನ್ಯರಲ್ಲ, ಲಿವರ್‌ಪೂಲ್ ಫುಟ್‌ಬಾಲ್ ತಂಡಕ್ಕೆ 1977 ಮತ್ತು 1978ರಲ್ಲಿ ಯುರೋಪಿಯನ್ ಕಪ್ ಗೆದ್ದುಕೊಟ್ಟ ನಾಯಕ. ದೇಶವಿಡೀ ನಕ್ಕಿತು. ಕೆಲವೇ ವಾರಗಳಲ್ಲಿ, 1987ರ ಫೆಬ್ರುವರಿ 5ರಂದು, ಆ ರಾಜಕುಮಾರಿಯೇ ಬಂದು ಹ್ಯೂಸ್ ಪಕ್ಕದ ಕುರ್ಚಿಯಲ್ಲಿ ಕುಳಿತರು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಕುದುರೆ ಸವಾರಿಯಲ್ಲಿ ಸ್ಪರ್ಧಿಸಿದ್ದವರಾದ್ದರಿಂದ ಆ ಕುರ್ಚಿ ಅವರಿಗೆ ಅರಮನೆಯ ಮುಲಾಜಿನಿಂದ ಸಿಕ್ಕಿದ್ದೇನಲ್ಲ. ಹ್ಯೂಸ್ ಮಾತಿನ ಭರದಲ್ಲಿ ರಾಜಕುಮಾರಿಯ ಹೆಗಲ ಮೇಲೆ ಕೈ ಹಾಕಿದ್ದನ್ನು ಬ್ರಿಟಿಷರು ಇವತ್ತಿಗೂ ಹೇಳಿಕೊಂಡು ನಗುತ್ತಾರೆ. ಆರು ಕೋಟಿಯೂ ತುಂಬದ ದೇಶದಲ್ಲಿ ಆ ಕಂತನ್ನು ನೋಡಿದವರು ಸುಮಾರು 1.9 ಕೋಟಿ ಜನ.

ಅದು ಬಿಬಿಸಿಯ ‘ಎ ಕ್ವೆಶ್ಚನ್ ಆಫ್ ಸ್ಪೋರ್ಟ್’ ಕಾರ್ಯಕ್ರಮದ 200ನೇ ಕಂತು. 2023ರ ಡಿಸೆಂಬರ್‌ನಲ್ಲಿ, ಈ ಕಾರ್ಯಕ್ರಮವನ್ನು ಸದ್ಯ ತಯಾರಿಸುತ್ತಿಲ್ಲ ಎಂದು ಬಿಬಿಸಿ ತಣ್ಣಗೆ ಹೇಳಿತು. ಐವತ್ಮೂರು ವರ್ಷ ನಡೆದ ಕ್ವಿಜ್ ಅದು. ಹಣದುಬ್ಬರ, ಅನುದಾನದ ಬಿಕ್ಕಟ್ಟು ಎಂದು ಕಾರಣ ಕೊಟ್ಟರು. ಆದರೆ ಅದಕ್ಕೂ ಎರಡು ವರ್ಷ ಮೊದಲು ಕಾರ್ಯಕ್ರಮಕ್ಕೆ ಹೊಸ ರೂಪ ಕೊಡುವ ಹುರುಪಿನಲ್ಲಿ ಆದದ್ದನ್ನು ನೋಡಿದವರಿಗೆ ಆ ಕಾರಣ ಪೂರ್ತಿ ಒಪ್ಪಿಗೆಯಾಗಿರಲಿಕ್ಕಿಲ್ಲ.

ಮೊದಲ ಕಂತು 1970ರ ಜನವರಿ 5ರದು. ನಿರೂಪಕ ಡೇವಿಡ್ ವೈನ್. ಒಂದು ತಂಡಕ್ಕೆ ಬಾಕ್ಸರ್ ಹೆನ್ರಿ ಕೂಪರ್, ಇನ್ನೊಂದಕ್ಕೆ ವೇಲ್ಸ್‌ನ ರಗ್ಬಿ ಆಟಗಾರ ಕ್ಲಿಫ್ ಮಾರ್ಗನ್ ನಾಯಕರು. ಅತಿಥಿಗಳಲ್ಲಿ ಫುಟ್‌ಬಾಲಿನ ಜಾರ್ಜ್ ಬೆಸ್ಟ್ ಇದ್ದರು, ಇಂಗ್ಲೆಂಡಿನ ಕ್ರಿಕೆಟ್ ನಾಯಕ ರೇ ಇಲ್ಲಿಂಗ್‌ವರ್ತ್ ಇದ್ದರು. ಇಡೀ ಕಾರ್ಯಕ್ರಮದ ಬಂಡವಾಳ ಎರಡು ಮೇಜು, ಏಳು ಕುರ್ಚಿ, ಮತ್ತೆ ಬಿಬಿಸಿ ಉಗ್ರಾಣದ ಹಳೆಯ ಫಿಲ್ಮು.

ಸುತ್ತುಗಳೂ ಅಷ್ಟೇ ಸರಳ. ಚಿತ್ರ ತೋರಿಸಿ ಆಟಗಾರರನ್ನು ಗುರುತಿಸಲು ಹೇಳುವುದು ಒಂದು. ‘ಹೋಮ್ ಆರ್ ಅವೇ’ ಎನ್ನುವುದು ಇನ್ನೊಂದು. ನಿಮ್ಮದೇ ಆಟದ ಬಗ್ಗೆ ಪ್ರಶ್ನೆ ಕೇಳಿಸಿಕೊಂಡರೆ ಒಂದು ಅಂಕ, ಗೊತ್ತಿಲ್ಲದ ಆಟಕ್ಕೆ ಕೈ ಹಾಕಿದರೆ ಎರಡು. ಈ ಒಂದು ನಿಯಮದಲ್ಲಿ ಎಷ್ಟು ಜಾಣತನವಿದೆ ನೋಡಿ. ಸ್ವಂತ ಆಟದ ಪ್ರಶ್ನೆಗೇ ಉತ್ತರ ಗೊತ್ತಿಲ್ಲದಿದ್ದರೆ ಮರ್ಯಾದೆ ಹೋಗುತ್ತದೆ. ಹೊರಗಿನದನ್ನು ಆರಿಸಿಕೊಂಡು ಸೋತರೆ ಅಂಕವಷ್ಟೇ ಹೋಗುತ್ತದೆ. ದೇಶದ ಪರ ನೂರು ಪಂದ್ಯ ಆಡಿದವರೂ ಅಲ್ಲಿ ಒಂದು ಕ್ಷಣ ತಡವರಿಸುತ್ತಿದ್ದರು. ಆ ತಡವರಿಕೆಯೇ ನಾಟಕ.

‘ಮುಂದೇನಾಯಿತು?’ ಎಂಬ ಸುತ್ತಂತೂ ಮನೆಮಾತಾಯಿತು. ಪಂದ್ಯದ ತುಣುಕೊಂದು ಓಡುತ್ತಿರುತ್ತದೆ, ಏನೋ ವಿಚಿತ್ರ ಆಗುವ ಒಂದು ಕ್ಷಣ ಮೊದಲು ನಿಂತುಬಿಡುತ್ತದೆ. ನಾಯಿ ಮೈದಾನಕ್ಕೆ ನುಗ್ಗಿತೇ? ಅಂಪೈರ್ ಬಿದ್ದರೇ? ಗೋಲ್ ಕಂಬವೇ ಮುರಿಯಿತೇ? ಸ್ಟುಡಿಯೊದಲ್ಲಿ ಕುಳಿತ ಆರು ಮಂದಿ ಊಹಿಸುವ ಹೊತ್ತಿಗೆ ಮನೆಯಲ್ಲಿ ಅಪ್ಪ ಒಂದು ಹೇಳಿರುತ್ತಾನೆ, ಮಗಳು ಇನ್ನೊಂದು ಹೇಳಿರುತ್ತಾಳೆ. ಇನ್ನು ‘ಮಿಸ್ಟರಿ’ ಸುತ್ತಿನಲ್ಲಿ ಒಬ್ಬ ಆಟಗಾರ ಅಡುಗೆಯನ್ನೋ ತೋಟದ ಕೆಲಸವನ್ನೋ ಮಾಡುತ್ತಿರುತ್ತಾನೆ. ಕ್ಯಾಮೆರಾ ಕಿವಿ ತೋರಿಸುತ್ತದೆ, ಮೊಣಕೈ ತೋರಿಸುತ್ತದೆ, ಮುಖ ಮಾತ್ರ ಕೊನೆಯವರೆಗೂ ಇಲ್ಲ.

ಕ್ವಿಜ್ ನೋಡುವವನು ಸುಮ್ಮನೆ ನೋಡುವವನಲ್ಲ. ಧಾರಾವಾಹಿಯನ್ನು ನೋಡಬಹುದು, ಹಾಡಿನ ಸ್ಪರ್ಧೆಯನ್ನು ಕೇಳಬಹುದು. ಕ್ವಿಜ್ ಅನ್ನು ಆಡಲೇಬೇಕು. ಸ್ಟುಡಿಯೊದಲ್ಲಿ ಕಾಣುವುದು ಎರಡು ತಂಡವಾದರೂ ಮನೆಯ ಸೋಫಾದ ಮೇಲೆ ಮೂರನೆಯ ತಂಡವೊಂದು ಕುಳಿತಿರುತ್ತದೆ. ‘ಅಯ್ಯೋ, ಇಷ್ಟೂ ಗೊತ್ತಿಲ್ವಾ?’ ಎಂದು ವಿಶ್ವ ಚಾಂಪಿಯನ್ನನ್ನೇ ಬೈಯುವ ಹಕ್ಕು ಆ ತಂಡಕ್ಕಿದೆ. ಪ್ರಶ್ನೆಗೂ ಉತ್ತರಕ್ಕೂ ನಡುವೆ ಸಿಗುವ ನಾಲ್ಕೈದು ಸೆಕೆಂಡು ಆ ತಂಡದ್ದು. 2021ರಲ್ಲಿ ಹೊಸ ರೂಪ ಕೊಟ್ಟವರು ಕಿತ್ತುಕೊಂಡದ್ದು ಮುಖ್ಯವಾಗಿ ಈ ಸೆಕೆಂಡುಗಳನ್ನು.

ಅದಕ್ಕೂ ಮೊದಲಿನ ಕತೆ ಹೀಗಿದೆ. ವೈನ್ ನಂತರ 1979ರಲ್ಲಿ ಡೇವಿಡ್ ಕೋಲ್ಮನ್ ಬಂದರು. ಅಥ್ಲೆಟಿಕ್ಸ್ ವೀಕ್ಷಕ ವಿವರಣೆಯಲ್ಲಿ ಬ್ರಿಟನ್ನಿನ ದೊಡ್ಡ ದನಿ. ಮಾತಿನ ಭರದಲ್ಲಿ ಆಡುತ್ತಿದ್ದ ಎಡವಟ್ಟು ವಾಕ್ಯಗಳಿಗೂ ಅಷ್ಟೇ ಹೆಸರುವಾಸಿ. ಅವರ ಕಾಲದಲ್ಲಿ ನಾಯಕರಾದವರಲ್ಲಿ ಇಯಾನ್ ಬಾಥಮ್ ಒಬ್ಬರು. 1980ರಲ್ಲಿ ಮುಂಬೈನ ವಾಂಖೆಡೆಯಲ್ಲಿ ನಡೆದ ಸುವರ್ಣ ಮಹೋತ್ಸವ ಟೆಸ್ಟ್‌ನಲ್ಲಿ ಶತಕ ಬಾರಿಸಿ 13 ವಿಕೆಟ್ ಕಿತ್ತು ಭಾರತವನ್ನು ಒಬ್ಬರೇ ಸೋಲಿಸಿದ್ದ ಅದೇ ಬಾಥಮ್. 1997ರಲ್ಲಿ ನಿರೂಪಣೆ ಸೂ ಬಾರ್ಕರ್ ಕೈಗೆ ಹೋಯಿತು. 1976ರ ಫ್ರೆಂಚ್ ಓಪನ್ ಟೆನಿಸ್ ಚಾಂಪಿಯನ್, ನಂತರ ಬಿಬಿಸಿಯ ವಿಂಬಲ್ಡನ್ ಮುಖ. ಇಪ್ಪತ್ನಾಲ್ಕು ವರ್ಷ ಅವರು ಆ ಕುರ್ಚಿ ಬಿಡಲಿಲ್ಲ. ಕೊನೆಯ ಹದಿಮೂರು ವರ್ಷ ಅವರ ಎಡಬಲಕ್ಕೆ ಮ್ಯಾಟ್ ಡಾಸನ್ ಮತ್ತು ಫಿಲ್ ಟಫ್ನೆಲ್. ಡಾಸನ್ 2003ರ ರಗ್ಬಿ ವಿಶ್ವಕಪ್ ಗೆದ್ದ ತಂಡದವರು. ಟಫ್ನೆಲ್ ಎಡಗೈ ಸ್ಪಿನ್ನರ್. 1993ರಲ್ಲಿ ಇಂಗ್ಲೆಂಡ್ ಭಾರತಕ್ಕೆ ಬಂದು 3-0ರಲ್ಲಿ ಸೋತ ಪ್ರವಾಸದಲ್ಲಿ ಅವರೂ ಇದ್ದರು. ನಮ್ಮವರಿಗೆ ಆ ಸರಣಿ ಅನಿಲ್ ಕುಂಬ್ಳೆಯವರ 21 ವಿಕೆಟ್‌ಗಳಿಂದ ನೆನಪಿರುತ್ತದೆ.

2020ರ ಸೆಪ್ಟೆಂಬರ್‌ನಲ್ಲಿ ಬಿಬಿಸಿ ಮೂವರನ್ನೂ ಒಟ್ಟಿಗೆ ಕೈಬಿಡುವ ಸುದ್ದಿ ಹೊರಬಿತ್ತು. ಬಾರ್ಕರ್ ಅವರಿಗೆ ಆಗ 64 ವರ್ಷ. ತಾವಾಗಿಯೇ ಬಿಡುತ್ತಿದ್ದೇನೆ ಎಂದು ಹೇಳುವಂತೆ ಬಿಬಿಸಿ ಕೇಳಿತ್ತು, ತಾವು ಒಪ್ಪಲಿಲ್ಲ ಎಂದು ಅವರು 2022ರಲ್ಲಿ ಬಂದ ಆತ್ಮಕಥೆಯಲ್ಲಿ ಬರೆದಿದ್ದಾರೆ. ಇದು ಬರೀ ಕಚೇರಿ ರಾಜಕೀಯವಲ್ಲ. ಇಪ್ಪತ್ತನಾಲ್ಕು ವರ್ಷ ಪ್ರತಿ ಋತುವಿನಲ್ಲೂ ಮನೆಗೆ ಬಂದವರನ್ನು ಹೀಗೆ ಕಳಿಸಿಕೊಟ್ಟ ರೀತಿ ನೋಡುಗರಿಗೂ ನಾಟಿತು. ಹೊಸಬರು ಮೊದಲ ಪ್ರಶ್ನೆ ಕೇಳುವ ಮುಂಚೆಯೇ ಅರ್ಧ ಮನಸ್ಸು ಮುರಿದಿತ್ತು. ಅದು ಹೊಸಬರ ತಪ್ಪಾಗಿರಲಿಲ್ಲ.

ಆ ಹೊಸಬರು ಯಾರು? ನಿರೂಪಕ ಪ್ಯಾಡಿ ಮೆಗಿನ್ನಿಸ್, ಬೋಲ್ಟನ್ ಊರಿನ ಹಾಸ್ಯಗಾರ, ಜೋಡಿ ಕೂಡಿಸುವ ‘ಟೇಕ್ ಮಿ ಔಟ್’ ಶೋದಿಂದ ಹೆಸರು ಮಾಡಿದವರು, ಆಮೇಲೆ ‘ಟಾಪ್ ಗೇರ್’ನಲ್ಲಿ ಕಾರು ಓಡಿಸಿದವರು. ನಾಯಕಿ ಸ್ಯಾಮ್ ಕ್ವೆಕ್, 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಬ್ರಿಟನ್ ಹಾಕಿ ತಂಡದ ಆಟಗಾರ್ತಿ, ಈ ಕಾರ್ಯಕ್ರಮದ ಮೊದಲ ಕಾಯಂ ಮಹಿಳಾ ನಾಯಕಿ. ಇನ್ನೊಬ್ಬ ನಾಯಕ ಯೂಗೊ ಮೊನ್ಯೆ, ಇಂಗ್ಲೆಂಡಿನ ರಗ್ಬಿ ಆಟಗಾರ. ಕ್ವೆಕ್ ಮತ್ತು ಮೊನ್ಯೆ ಇಬ್ಬರ ಆಯ್ಕೆಯಲ್ಲೂ ದೋಷ ಹುಡುಕಲು ಹೋದವರು ಹೆಚ್ಚಿನಂಶ ಕಾರ್ಯಕ್ರಮವನ್ನು ನೋಡಲು ಕುಳಿತವರಲ್ಲ, ಮೊದಲೇ ತೀರ್ಮಾನಿಸಿಕೊಂಡು ಬಂದವರು. ಐವತ್ತು ವರ್ಷಕ್ಕೆ ಒಬ್ಬ ಹೆಣ್ಣುಮಗಳು ನಾಯಕಿಯಾದದ್ದು ತಡವೇ ಆಯಿತು ಎನ್ನಬೇಕು. ಅಂಥ ಗೊಣಗಾಟವನ್ನು ಪಕ್ಕಕ್ಕಿಟ್ಟರೂ, ಪ್ರಾಮಾಣಿಕವಾದ ನಿರಾಸೆಯೊಂದು ಉಳಿದೇ ಉಳಿಯುತ್ತದೆ.

2021ರ ಸೆಪ್ಟೆಂಬರ್‌ನಲ್ಲಿ ಹೊಸ ಆವೃತ್ತಿ ಬಂತು. ಥಳಥಳಿಸುವ ಹೊಸ ಸೆಟ್, ಜೋರು ಚಪ್ಪಾಳೆ, ಜೋಕಿನ ಮೇಲೆ ಜೋಕು. ‘ಮುಂದೇನಾಯಿತು?’ ಉಳಿಯಿತು, ಉಳಿದರೂ ಅದರ ಸುತ್ತ ಗದ್ದಲ ಬೆಳೆಯಿತು. ನೋಡುಗರು ಮತ್ತೆ ಮತ್ತೆ ಹೇಳಿದ್ದು ಒಂದೇ ದೂರು: ನಗು ಜಾಸ್ತಿ, ಪ್ರಶ್ನೆ ಕಮ್ಮಿ. ಮೆಗಿನ್ನಿಸ್ ಕೆಟ್ಟ ನಿರೂಪಕರೇ? ಖಂಡಿತ ಅಲ್ಲ. ಜನರನ್ನು ಕುಣಿಸುವ, ಸಭೆಯನ್ನು ಎಚ್ಚರವಾಗಿಡುವ ಕಲೆ ಅವರಿಗೆ ಕರಗತ. ಆದರೆ ವೈನ್, ಕೋಲ್ಮನ್, ಬಾರ್ಕರ್ ಮೂವರೂ ವಾರದ ಉಳಿದ ದಿನಗಳಲ್ಲಿ ಕ್ರೀಡೆಯನ್ನೇ ಉಸಿರಾಡುತ್ತಿದ್ದವರು. ಅತಿಥಿಯೊಬ್ಬ ಅರ್ಧ ಉತ್ತರ ಕೊಟ್ಟಾಗ ‘ಹತ್ತಿರ ಬಂದಿರಿ, ಅದೇ ವರ್ಷ, ಆದರೆ ಸೆಮಿಫೈನಲ್ ಅಲ್ಲ’ ಎನ್ನುವಂಥ ಒಂದು ಮಾತು ಹಾಕಲು ನಿರೂಪಕರಿಗೆ ಆ ಪಂದ್ಯ ಗೊತ್ತಿರಬೇಕು. ಕೈಯಲ್ಲಿರುವ ಕಾರ್ಡಿನಲ್ಲಿ ಉತ್ತರ ಮಾತ್ರ ಇರುತ್ತದೆ. ಉತ್ತರದ ಸುತ್ತಲಿನ ಕತೆ ತಲೆಯಲ್ಲಿರಬೇಕು. ಅದಿಲ್ಲದಾಗ ಆ ಜಾಗವನ್ನು ತುಂಬಲು ಜೋಕೇ ಬೇಕಾಗುತ್ತದೆ.

ತಮಾಷೆ ಮೊದಲು ಇರಲಿಲ್ಲವೇ ಎಂದು ಕೇಳಬಹುದು. ಇತ್ತು, ಬೇಕಾದಷ್ಟಿತ್ತು. ಟಫ್ನೆಲ್ ಇದ್ದ ಕಡೆ ಗಾಂಭೀರ್ಯ ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ. ಬಾರ್ಕರ್ ಕಾಲದ ಕೊನೆಯ ವರ್ಷಗಳಲ್ಲೇ ಹುಡುಗಾಟ ಅತಿಯಾಯಿತು ಎಂದವರೂ ಇದ್ದರು. ಆದರೆ ಆ ನಗು ಹುಟ್ಟುತ್ತಿದ್ದದ್ದು ಪ್ರಶ್ನೆಯಿಂದಲೇ. ಹ್ಯೂಸ್ ರಾಜಕುಮಾರಿಯನ್ನು ಜಾಕಿ ಎಂದದ್ದು ನಗು ತರಿಸಿತು, ಏಕೆಂದರೆ ಅವರು ನಿಜವಾಗಿ ಸರಿ ಉತ್ತರ ಕೊಡಲು ಹೊರಟಿದ್ದರು. ಗೆಲ್ಲಬೇಕೆಂದು ಹಟ ತೊಟ್ಟವನು ಎಡವಿದರೆ ಮಾತ್ರ ಆ ಎಡವಟ್ಟಿಗೆ ಬೆಲೆ. ಗೆಲುವು ಸೋಲು ಯಾರಿಗೂ ಬೇಡವಾದ ಮೇಲೆ ತಪ್ಪು ಉತ್ತರದಲ್ಲಿ ನಗುವಂಥದ್ದು ಏನಿರುತ್ತದೆ?

ಪೂರ್ತಿ ಹಾಸ್ಯದ ಕ್ರೀಡಾ ಕ್ವಿಜ್ ಬ್ರಿಟನ್ನಿಗೆ ಹೊಸದೂ ಅಲ್ಲ. ಬಿಬಿಸಿಯೇ 1995ರಿಂದ 2006ರವರೆಗೆ ‘ದೇ ಥಿಂಕ್ ಇಟ್ಸ್ ಆಲ್ ಓವರ್’ ನಡೆಸಿತು. ನಾಯಕರಾಗಿ ಕ್ರಿಕೆಟ್‌ನ ಡೇವಿಡ್ ಗೋವರ್, ಫುಟ್‌ಬಾಲಿನ ಗ್ಯಾರಿ ಲಿನೆಕರ್. ಅಲ್ಲೊಂದು ಸುತ್ತಿನಲ್ಲಿ ಸ್ಪರ್ಧಿಗಳ ಕಣ್ಣು ಕಟ್ಟಿ, ಎದುರು ನಿಂತ ಆಟಗಾರನನ್ನು ಮುಟ್ಟಿ ತಡವಿ ಗುರುತಿಸಲು ಹೇಳುತ್ತಿದ್ದರು. ಪೋಲಿತನ, ಕೀಟಲೆ ಎಲ್ಲ ಅದರ ಹುಟ್ಟಿನಲ್ಲೇ ಇತ್ತು. ನೋಡಲು ಕೂತವರಿಗೂ ಅದು ಗೊತ್ತಿತ್ತು. ಆಮೇಲೆ 2010ರಲ್ಲಿ ಸ್ಕೈ ವಾಹಿನಿ ‘ಎ ಲೀಗ್ ಆಫ್ ದೇರ್ ಓನ್’ ಶುರು ಮಾಡಿತು, ಆ್ಯಂಡ್ರ್ಯೂ ಫ್ಲಿಂಟಾಫ್ ಅವರಂಥವರನ್ನು ಇಟ್ಟುಕೊಂಡು. ಅದೂ ಗೆದ್ದಿತು. ಹೀಗೆ ಬೇರೆ ಬೇರೆ ಅಂಗಡಿಗಳು ಬೇರೆ ಬೇರೆ ಸರಕು ಮಾರುತ್ತಿದ್ದಾಗ ಯಾರಿಗೂ ತಕರಾರಿರಲಿಲ್ಲ. ತನ್ನ ಸರಕು ಬಿಟ್ಟು ಎದುರಂಗಡಿಯದನ್ನು ಮಾರಲು ಹೋದದ್ದು ‘ಕ್ವೆಶ್ಚನ್ ಆಫ್ ಸ್ಪೋರ್ಟ್’. ಆ ಸರಕು ಬೇಕಾದವರು ಅಷ್ಟರಲ್ಲಾಗಲೇ ಎದುರಂಗಡಿಯ ಗಿರಾಕಿಗಳಾಗಿದ್ದರು.

ಬಿಬಿಸಿಯ ಪರವಾಗಿಯೂ ಒಂದು ವಾದವಿದೆ, ಅದು ಹಗುರವಾದದ್ದಲ್ಲ. 1970ರಲ್ಲಿ ಹೆನ್ರಿ ಕೂಪರ್ ಯಾರೆಂದು ಬ್ರಿಟನ್ನಿನಲ್ಲಿ ಮಕ್ಕಳಿಗೂ ಗೊತ್ತಿತ್ತು. ಟಿವಿಯಲ್ಲಿ ಇದ್ದದ್ದೇ ಮೂರು ವಾಹಿನಿ. ಶನಿವಾರ ಮಧ್ಯಾಹ್ನ ಬಿಬಿಸಿಯ ‘ಗ್ರ್ಯಾಂಡ್‌ಸ್ಟ್ಯಾಂಡ್’ ಹಾಕಿದರೆ ಕುದುರೆ ಜೂಜು, ರಗ್ಬಿ, ಈಜು ಎಲ್ಲವೂ ಒಂದೇ ತಟ್ಟೆಯಲ್ಲಿ ಬರುತ್ತಿದ್ದವು. ಆ ‘ಗ್ರ್ಯಾಂಡ್‌ಸ್ಟ್ಯಾಂಡ್’ 2007ರ ಜನವರಿಯಲ್ಲಿ ನಿಂತುಹೋಯಿತು. 2005ರ ಆ್ಯಶಸ್ ಸರಣಿ ಮುಗಿದ ಮೇಲೆ ಇಂಗ್ಲೆಂಡಿನ ಟೆಸ್ಟ್ ಕ್ರಿಕೆಟ್ ನೇರ ಪ್ರಸಾರ ದುಡ್ಡು ಕೊಟ್ಟು ನೋಡುವ ವಾಹಿನಿಗೆ ಹೋಯಿತು. ಬ್ರಿಟಿಷ್ ಓಪನ್ ಗಾಲ್ಫ್ 2016ರಿಂದ ಅದೇ ದಾರಿ ಹಿಡಿಯಿತು. ಎಲ್ಲರೂ ನೋಡಿದ ಪಂದ್ಯ ಕಡಿಮೆಯಾದಂತೆ ಎಲ್ಲರಿಗೂ ಉತ್ತರ ಗೊತ್ತಿರಬಹುದಾದ ಪ್ರಶ್ನೆಯೂ ಕಡಿಮೆಯಾಗುತ್ತದೆ. ಕ್ವಿಜ್‌ಗೆ ಬೇಕಾದದ್ದು ಹಂಚಿಕೊಂಡ ನೆನಪು. ಅದು ಚಂದಾದಾರರ ಪಟ್ಟಿಗೆ ಸೀಮಿತವಾದರೆ ಪ್ರಶ್ನೆ ಕೇಳುವವನು ಯಾರನ್ನು ಕೇಳಬೇಕು? ಭಾರತದಲ್ಲಿ ಮುಖ್ಯ ಪಂದ್ಯಗಳ ಪ್ರಸಾರವನ್ನು ಖಾಸಗಿ ವಾಹಿನಿಗಳು ದೂರದರ್ಶನದ ಜೊತೆ ಹಂಚಿಕೊಳ್ಳಬೇಕೆಂದು 2007ರಲ್ಲಿ ಸಂಸತ್ತು ಕಾಯ್ದೆಯನ್ನೇ ಮಾಡಬೇಕಾಯಿತು ಎಂಬುದನ್ನು ನೆನೆದರೆ ಈ ಸಮಸ್ಯೆ ಅವರೊಬ್ಬರದಲ್ಲ.

ಹಾಗೆಂದು ಹಂಚಿಕೊಂಡ ನೆನಪು ಪೂರ್ತಿ ಬತ್ತಿಹೋಗಿತ್ತೇ? 2022ರ ಜುಲೈ 31ರಂದು ವೆಂಬ್ಲಿಯಲ್ಲಿ ಇಂಗ್ಲೆಂಡಿನ ಮಹಿಳೆಯರು ಜರ್ಮನಿಯನ್ನು 2-1ರಲ್ಲಿ ಸೋಲಿಸಿ ಯುರೋಪಿನ ಫುಟ್‌ಬಾಲ್ ಚಾಂಪಿಯನ್ನರಾದರು. ಅದನ್ನು ಬಿಬಿಸಿಯಲ್ಲೇ ಒಂದು ಹಂತದಲ್ಲಿ 1.74 ಕೋಟಿ ಜನ ನೋಡುತ್ತಿದ್ದರು. ಇಂಥ ಫೈನಲ್ ತನ್ನದೇ ಮನೆಯಂಗಳದಲ್ಲಿ ನಡೆದಿರುವಾಗ ಪ್ರಶ್ನೆಗೆ ಸಾಮಗ್ರಿ ಇಲ್ಲ ಎನ್ನುವಂತಿಲ್ಲ. ಕ್ರೀಡೆಯ ಬಗ್ಗೆ ಜನರಿಗೆ ಆಸಕ್ತಿ ಉಳಿದಿತ್ತು. ಬಹುಶಃ ಉಳಿದಿಲ್ಲ ಎಂದುಕೊಂಡವರು ಕಾರ್ಯಕ್ರಮ ಮಾಡುವವರು.

ಬ್ರಿಟಿಷ್ ಪತ್ರಿಕೆಗಳ ವರದಿಯಂತೆ, ಒಂದು ಕಾಲಕ್ಕೆ 40 ಲಕ್ಷದ ಆಸುಪಾಸಿನಲ್ಲಿದ್ದ ವೀಕ್ಷಕರ ಸಂಖ್ಯೆ ಹೊಸ ಆವೃತ್ತಿಯಲ್ಲಿ ಸುಮಾರು 8.5 ಲಕ್ಷಕ್ಕೆ ಕುಸಿಯಿತು. ಈ ಲೆಕ್ಕವನ್ನು ಹಾಗೇ ನುಂಗಬೇಕಿಲ್ಲ. ಆ ವರ್ಷಗಳಲ್ಲಿ ಎಲ್ಲ ಟಿವಿ ಕಾರ್ಯಕ್ರಮಗಳಿಗೂ ಪ್ರಸಾರದ ಹೊತ್ತಿಗೇ ಕುಳಿತು ನೋಡುವವರು ಕಡಿಮೆಯಾದರು. ಆದರೆ ಪಕ್ಕದಲ್ಲೇ ಹೋಲಿಸಲು ಇನ್ನೆರಡು ಕ್ವಿಜ್‌ಗಳಿವೆ.

‘ಮಾಸ್ಟರ್‌ಮೈಂಡ್’ ಕೂಡ 2021ರಲ್ಲೇ ನಿರೂಪಕನನ್ನು ಬದಲಿಸಿತು. ಜಾನ್ ಹಂಫ್ರಿಸ್ ಹೋದರು, ಸುದ್ದಿವಾಚಕ ಕ್ಲೈವ್ ಮೈರಿ ಬಂದರು. ಕಪ್ಪು ಕುರ್ಚಿ, ಕತ್ತಲ ನಡುವೆ ಬೀಳುವ ಬೆಳಕು, ಎದೆ ಡವಡವಗುಟ್ಟಿಸುವ ಸಂಗೀತ ಎಲ್ಲ 1972ರಿಂದ ಬಂದದ್ದೇ ಉಳಿದವು. ‘ಯೂನಿವರ್ಸಿಟಿ ಚಾಲೆಂಜ್’ ನೋಡಿ. 1994ರಿಂದ ಅಲ್ಲಿ ಕುಳಿತಿದ್ದ ಜೆರೆಮಿ ಪ್ಯಾಕ್ಸ್‌ಮನ್ ಹುಡುಗರನ್ನು ಗದರಿಸುತ್ತಲೇ ದಂತಕತೆಯಾದವರು. 2023ರಲ್ಲಿ ಅವರ ಜಾಗಕ್ಕೆ ಕೋಲ್ಕತ್ತದಲ್ಲಿ ಹುಟ್ಟಿದ ಅಮೋಲ್ ರಾಜನ್ ಬಂದರು. ದನಿ ಬೇರೆ, ಗತ್ತು ಬೇರೆ. ಪ್ರಶ್ನೆಗಳು ಮಾತ್ರ ಅದೇ ಕಬ್ಬಿಣದ ಕಡಲೆ. ಎರಡೂ ಕ್ವಿಜ್‌ಗಳು ನಡೆಯುತ್ತಲೇ ಇದ್ದವು. ಜನ ಹೊಸ ಮುಖವನ್ನು ಒಪ್ಪುವುದಿಲ್ಲ ಎಂಬ ಮಾತನ್ನು ಇವೆರಡೇ ಸುಳ್ಳು ಮಾಡುತ್ತವೆ.

ನಿರೂಪಕನ ಹೆಸರಿಗಿಂತ ಪ್ರಶ್ನೆಗೆ ಜಾಗ ಬಿಡುವುದೇ ಮುಖ್ಯ ಎಂಬುದಕ್ಕೆ ನಮ್ಮ ಕಡೆಯೂ ಸಾಕ್ಷಿಗಳಿವೆ. ‘ಕೌನ್ ಬನೇಗಾ ಕರೋಡ್‌ಪತಿ’ 2007ರಲ್ಲಿ ಅಮಿತಾಭ್ ಬಚ್ಚನ್ ಜಾಗಕ್ಕೆ ಶಾರುಖ್ ಖಾನ್ ಅವರನ್ನು ತಂದಿತು. ಶಾರುಖ್‌ಗೆ ಜನಪ್ರಿಯತೆ ಕಡಿಮೆಯಿತ್ತೇ? ಆದರೂ ಒಂದೇ ಆವೃತ್ತಿಗೆ ಅದು ಮುಗಿಯಿತು. 2010ರಲ್ಲಿ ಬಚ್ಚನ್ ಮರಳಿದರು. ಸ್ಪರ್ಧಿ ಬೆವರುತ್ತಿರುವಾಗ ನಿರೂಪಕ ತಾನು ಸಣ್ಣವನಾಗಿ ಕೂರಬೇಕು, ಅವನ ದುಗುಡಕ್ಕೆ ಜಾಗ ಬಿಡಬೇಕು. ಬಚ್ಚನ್ ಅಷ್ಟು ದೊಡ್ಡ ತಾರೆಯಾಗಿಯೂ ಅದನ್ನು ಕಲಿತರು. ಇನ್ನು ಚಂದನ ವಾಹಿನಿಯ ‘ಥಟ್ ಅಂತ ಹೇಳಿ’ 2002ರಿಂದ ನಡೆದು ಬಂದಿದೆ. ವೈದ್ಯರಾದ ಡಾ. ನಾ. ಸೋಮೇಶ್ವರ ಪ್ರಶ್ನೆ ಕೇಳುತ್ತಾರೆ, ಸರಿ ಉತ್ತರಕ್ಕೆ ಪುಸ್ತಕ ಕೊಡುತ್ತಾರೆ. ಅಬ್ಬರವಿಲ್ಲ, ಕೋಟಿಯಿಲ್ಲ. ಸೆಟ್ ನೋಡಿ ಯಾರೂ ಬೆರಗಾಗಲಿಕ್ಕಿಲ್ಲ. ಸಾವಿರಾರು ಕಂತುಗಳಾದ ಮೇಲೂ ಅದನ್ನು ನೋಡುವ ಮನೆಗಳಲ್ಲಿ ಸ್ಪರ್ಧಿಗಿಂತ ಮೊದಲೇ ಉತ್ತರ ಹೇಳುವ ಪೈಪೋಟಿ ನಡೆಯುತ್ತದೆ. ಕರ್ನಾಟಕ ಕ್ವಿಜ್ ಅಸೋಸಿಯೇಷನ್ 1983ರಲ್ಲಿ ಹುಟ್ಟಿದ ಬೆಂಗಳೂರಿನಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ರಜೆಯ ದಿನ ಜನ ಕ್ವಿಜ್‌ಗೆ ಹೋಗಿ ಕೂರುವುದು ಒಳ್ಳೆಯ ಪ್ರಶ್ನೆಯ ಆಸೆಗೇ.

ಟಿವಿ ಕಚೇರಿಗಳಲ್ಲಿ ‘ಹೊಸ ಪೀಳಿಗೆ’ ಎಂಬ ಮಾತು ಬಂದಾಗಲೆಲ್ಲ ಯಾರಾದರೂ ವೇಗ, ಬಣ್ಣ, ಸದ್ದು ಎಂದು ಪಟ್ಟಿ ಮಾಡುತ್ತಾರೆ. ಅವರು ಹೇಳುವ ಆ ಹುಡುಗ ಹುಡುಗಿಯರು ಫ್ಯಾಂಟಸಿ ಲೀಗ್ ತಂಡ ಕಟ್ಟಲು ಯಾವ ಬೌಲರ್ ಯಾವ ಪಿಚ್ಚಿನಲ್ಲಿ ಎಷ್ಟು ಎಕಾನಮಿ ಇಟ್ಟಿದ್ದಾನೆ ಎಂದು ರಾತ್ರಿಯೆಲ್ಲ ಲೆಕ್ಕ ಹಾಕುವವರು. ಕ್ರೀಡೆಯ ಅಂಕಿಅಂಶಕ್ಕೆ ಇಷ್ಟು ಹಸಿದ ಪೀಳಿಗೆ ಹಿಂದೆ ಇದ್ದಿರಲಿಕ್ಕಿಲ್ಲ. ಅವರನ್ನು ಸೆಳೆಯಲು ಪ್ರಶ್ನೆಯನ್ನು ತೆಳುಮಾಡಿದ್ದು ಲೆಕ್ಕವೇ ತಪ್ಪಿದ ನಡೆ. ಹಳಬರು ಪ್ರಶ್ನೆ ಸಾಲದೆಂದು ಎದ್ದುಹೋದರು, ಹೊಸಬರಿಗೆ ಬಂದು ಕೂರಲು ಕಾರಣವೇ ಸಿಗಲಿಲ್ಲ.

ಹಣದ ಮಾತಿಗೆ ಬಂದರೆ, ಬಿಬಿಸಿ ಕಷ್ಟದಲ್ಲಿದ್ದದ್ದು ನಿಜ. ಅದನ್ನು ನಡೆಸುವ ಟಿವಿ ಪರವಾನಗಿ ಶುಲ್ಕವನ್ನು ಸರ್ಕಾರ ಎರಡು ವರ್ಷ 159 ಪೌಂಡಿನಲ್ಲೇ ನಿಲ್ಲಿಸಿತ್ತು, ಬೆಲೆಗಳು ಏರುತ್ತಲೇ ಇದ್ದವು. ಆದರೆ ಟಿವಿಯ ಎಲ್ಲ ಮನರಂಜನೆಯಲ್ಲೂ ಕ್ವಿಜ್ ಅಗ್ಗದ ಬಾಬತ್ತು. ನಾಟಕಕ್ಕೆ ಬೇಕಾದಂತೆ ಹೊರಾಂಗಣ ಚಿತ್ರೀಕರಣ ಬೇಡ, ಒಂದೇ ದಿನ ಕೂತು ಒಂದಕ್ಕಿಂತ ಹೆಚ್ಚು ಕಂತು ಮುಗಿಸಬಹುದು. ದುಬಾರಿಯಾಗುವುದು ಹೊಳೆಯುವ ಸೆಟ್ ಮತ್ತು ತಾರೆಯ ಸಂಭಾವನೆ. ಖರ್ಚು ತಗ್ಗಿಸಬೇಕಿದ್ದರೆ ಮೊದಲು ಕತ್ತರಿಸಬೇಕಾದದ್ದು ಹೊಸ ರೂಪದ ಹೆಸರಿನಲ್ಲಿ ಸೇರಿಸಿದ್ದನ್ನೇ ಅಲ್ಲವೇ?

ಬಿಬಿಸಿ ತನ್ನ ಹೇಳಿಕೆಯಲ್ಲಿ ಕಾರ್ಯಕ್ರಮವನ್ನು ರದ್ದು ಮಾಡಿದ್ದೇವೆ ಎಂದು ನೇರವಾಗಿ ಹೇಳಲಿಲ್ಲ, ಸದ್ಯ ತಯಾರಿಯಲ್ಲಿಲ್ಲ ಎಂದಷ್ಟೇ ಹೇಳಿತು. ಬಾಗಿಲು ಓರೆಯಾಗಿ ತೆರೆದೇ ಇದೆ ಎಂದುಕೊಳ್ಳಬಹುದು. ಮತ್ತೆ ಶುರು ಮಾಡುವವರು ಬಾರ್ಕರ್ ಅವರನ್ನು ವಾಪಸು ಕರೆಯಬೇಕಿಲ್ಲ, ಕ್ವೆಕ್ ಅವರನ್ನು ಕಳಿಸಬೇಕಾದ್ದೂ ಇಲ್ಲ. ಕ್ರೀಡೆಯ ವರದಿಗಾರಿಕೆಯಲ್ಲಿ ಪಳಗಿದ ಒಬ್ಬ ನಿರೂಪಕ, ಸೋಲಲು ನಾಚುವ ಆಟಗಾರರು, ಒಂದು ಅಂಕಕ್ಕೂ ಎರಡು ಅಂಕಕ್ಕೂ ನಡುವಿನ ಆ ಹಳೆಯ ಆಯ್ಕೆ ಇದ್ದರೆ ಅರ್ಧ ಕೆಲಸ ಆದಂತೆ. ಉಳಿದರ್ಧಕ್ಕೆ ಪ್ರಶ್ನೆ ಬರೆಯುವವರಿಗೆ ಒಳ್ಳೆಯ ಸಂಬಳ ಕೊಡಬೇಕು. ಐವತ್ಮೂರು ವರ್ಷದ ಈ ಕಾರ್ಯಕ್ರಮದಲ್ಲಿ ತೆರೆಯ ಮೇಲೆ ಎಂದೂ ಮುಖ ತೋರಿಸದ ಅವರನ್ನು ಬಿಟ್ಟು ಉಳಿದ ಎಲ್ಲರ ಬಗ್ಗೆಯೂ ಪತ್ರಿಕೆಗಳು ಬರೆದಿವೆ.